ಕಟ್ಟಿಗೆ ಉರಿಯ ಕುಂಬಾರಿಕೆ ಕಲಿಯಬೇಕಾ? ಮೊದಲು ಆವಿಗೆ ಹಾಕುವ ಮನೆ ಹುಡುಕಿ

ಕುಂಬಾರಿಕೆ ಕಲಿಯಬೇಕು ಅಂತ ಹೊರಟವರು ಹೆಚ್ಚಾಗಿ ಹುಡುಕುವುದು ತಿಗರಿಯನ್ನು. ತಿರುಗುವ ಚಕ್ರ, ಅದರ ಮೇಲೆ ಏಳುವ ಮಣ್ಣು, ನೋಡಲು ಚೆಂದವೇ. ಆದರೆ ನಿಮಗೆ ಕಟ್ಟಿಗೆ ಉರಿಯಲ್ಲಿ ಸುಟ್ಟ ಮಡಕೆ ಮಾಡುವ ಆಸೆ ಇದ್ದರೆ ತಿಗರಿಯ ಚಿಂತೆ ಆಮೇಲೆ ಇಟ್ಟುಕೊಳ್ಳಿ. ಊರಿನ ಕುಂಬಾರರ ಮನೆಯಲ್ಲಿ ಒಂದು ದಿನ ಬೆಳಗ್ಗಿಂದ ಸಂಜೆವರೆಗೆ ಕೂತು ನೋಡಿ. ತಿಗರಿ ತಿರುಗುವುದು ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಮಣ್ಣು ತರುವುದು, ನೆನೆಸುವುದು, ತುಳಿಯುವುದು, ತಟ್ಟುವುದು, ನೆರಳಿಗೆ ಎತ್ತಿಡುವುದು, ಬಿಸಿಲಿಗೆ ತರುವುದು, ಕಟ್ಟಿಗೆ ಸೀಳುವುದು, ಆವಿಗೆ ಅಂದರೆ ಮಡಕೆ ಸುಡುವ ಗೂಡು ಜೋಡಿಸುವುದು.

ನಗರದ ಸ್ಟುಡಿಯೋ ಕ್ಲಾಸುಗಳನ್ನು ನಾನು ಬೇಡ ಅನ್ನುವುದಿಲ್ಲ. ಕೈ ಪಳಗುತ್ತದೆ. ಆದರೆ ಅಲ್ಲಿ ಮಣ್ಣು ಹದವಾಗಿ ಪ್ಯಾಕೆಟ್ಟಿನಲ್ಲೇ ಬಂದಿರುತ್ತದೆ. ಸುಡುವುದು ಕರೆಂಟಿನ ಗೂಡಿನಲ್ಲಿ, ಶಾಖ ಏರಿಸುವುದು ಇಳಿಸುವುದು ಎಲ್ಲ ಯಂತ್ರವೇ ನೋಡಿಕೊಳ್ಳುತ್ತದೆ. ಹಾಗಾಗಿ ಮಣ್ಣು ಮತ್ತು ಬೆಂಕಿ ಎರಡೂ ನಿಮ್ಮ ಕೈಗೆ ಸಿಗುವುದೇ ಇಲ್ಲ. ಕಟ್ಟಿಗೆ ಕುಂಬಾರಿಕೆಯ ವಿದ್ಯೆ ಇರುವುದೇ ಆ ಎರಡರಲ್ಲಿ. ಒಂದು ಕೆರೆಯ ಮಣ್ಣು ಇನ್ನೊಂದು ಕೆರೆಯ ಮಣ್ಣಿನ ಹಾಗಿರುವುದಿಲ್ಲ, ಒಂದು ಮನೆಯ ಆವಿಗೆ ಇನ್ನೊಂದು ಮನೆಯ ಆವಿಗೆಯ ಹಾಗೆ ಉರಿಯುವುದಿಲ್ಲ. ಅದಕ್ಕೇ ಈ ಕಸುಬಿಗೆ ಗುರು ಬೇಕು. ಅದೇ ಮಣ್ಣನ್ನು ಅದೇ ಆವಿಗೆಯಲ್ಲಿ ವರ್ಷಗಟ್ಟಲೆ ಸುಟ್ಟವರ ಪಕ್ಕದಲ್ಲಿ ನಿಂತು ಕಲಿಯಬೇಕು.

ಮನೆ ಹುಡುಕುವುದು

ಇಂಟರ್ನೆಟ್ಟಿನಲ್ಲಿ ಹುಡುಕುವ ಮೊದಲು ನಿಮ್ಮ ಹತ್ತಿರದ ವಾರದ ಸಂತೆಗೆ ಹೋಗಿ. ಮಡಕೆ ಮಾರುವವರೆಲ್ಲ ಮಾಡುವವರಲ್ಲ. ಹೊರಗಿನಿಂದ ಲಾರಿಯಲ್ಲಿ ಬಂದ ಮಾಲು ಇಟ್ಟುಕೊಂಡವರೂ ಇರುತ್ತಾರೆ. ಗುರುತಿಸಲು ಒಂದು ಸುಲಭದ ಪ್ರಶ್ನೆ ಇದೆ. 'ಇದು ಯಾವ ಕೆರೆ ಮಣ್ಣು ಯಜಮಾನ್ರೇ?' ಅಂತ ಕೇಳಿ. ಮಾಡುವವರು ಕೂಡಲೇ ಕೆರೆಯ ಹೆಸರು ಹೇಳುತ್ತಾರೆ, ಜೊತೆಗೆ ಆ ಕೆರೆಯಲ್ಲಿ ಈಗ ಮಣ್ಣು ಸಿಗದಿರುವ ಕಷ್ಟವನ್ನೂ ಹೇಳುತ್ತಾರೆ. ಅವರ ಮನೆ ಎಲ್ಲಿ ಅಂತ ಕೇಳಿಕೊಂಡು ಹೋಗಿ. ಹಿತ್ತಲಲ್ಲಿ ಬೋಕಿಯ (ಒಡೆದ ಮಡಕೆ ಚೂರಿನ) ರಾಶಿ, ಮಸಿ ಹಿಡಿದ ಗೋಡೆ, ಮಳೆಗೆ ನೆನೆಯದಂತೆ ಒಟ್ಟಿದ ಕಟ್ಟಿಗೆ ಕಂಡರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಬೆಂಗಳೂರಿನವರಿಗೆ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್ ಇದೆ, ಊರಿನ ನಡುವೆಯೇ ತಲೆಮಾರುಗಳಿಂದ ಕುಂಬಾರರು ಇರುವ ಜಾಗ. ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಕುಂಬಾರರದ್ದೇ ಸಹಕಾರ ಸಂಘ ಇದೆ, ಅಲ್ಲಿ ವಿಚಾರಿಸಿದರೆ ಸುತ್ತಲಿನ ಯಾವ ಮನೆಗಳಲ್ಲಿ ಇನ್ನೂ ಕೆಲಸ ನಡೆಯುತ್ತಿದೆ ಅಂತ ತಿಳಿಯುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಅಲ್ಲಿ ಮಣ್ಣಿನ ಪರೀಕ್ಷೆ, ಗೂಡಿನ ವಿನ್ಯಾಸ ಇಂಥವನ್ನು ಕ್ರಮವಾಗಿ ಕಲಿಯಬಹುದು. ಆದರೆ ಸಂಸ್ಥೆಯ ತರಬೇತಿ ಬೇರೆ, ಮನೆಯಲ್ಲಿ ನಿಂತು ಕಲಿಯುವುದು ಬೇರೆ. ಎರಡೂ ಸಿಕ್ಕರೆ ಒಳ್ಳೆಯದು, ಒಂದೇ ಅಂದರೆ ನಾನು ಮನೆಯನ್ನೇ ಆರಿಸಿಕೊಳ್ಳುವೆ.

ಗಾಜಿನ ಹೊಳಪಿನ, ನೀರು ಹೀರದ ಕಪ್, ತಟ್ಟೆಗಳನ್ನು ಕಟ್ಟಿಗೆಯಲ್ಲೇ ಸುಡುವ ಆಸೆ ಇದ್ದರೆ ದಾರಿ ಬೇರೆ. ಅದಕ್ಕೆ ಸುಮಾರು 1,250ರಿಂದ 1,300 ಡಿಗ್ರಿ ಸೆಲ್ಸಿಯಸ್ ಬೇಕು, ನಮ್ಮ ಊರಿನ ಆವಿಗೆ ಅಷ್ಟು ಏರುವುದಿಲ್ಲ, ಕೆರೆ ಮಣ್ಣು ಆ ಶಾಖಕ್ಕೆ ನಿಲ್ಲುವುದೂ ಇಲ್ಲ, ಕರಗಿ ಕುಸಿಯುತ್ತದೆ. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಶುರು ಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಿಂದ ಈ ಬಗೆಯ ಕೆಲಸ ನಮ್ಮ ದೇಶದಲ್ಲಿ ತುಂಬಾ ಹರಡಿತು. ಅಲ್ಲಿ ಕಲಿತವರು ಆ ಸುತ್ತಮುತ್ತ ಸ್ವಂತ ಗೂಡು ಕಟ್ಟಿಕೊಂಡಿದ್ದಾರೆ, ಸಹಾಯಕರಾಗಿ ಸೇರಿಕೊಳ್ಳಬಹುದಾ ಅಂತ ಅವರನ್ನು ನೇರವಾಗಿ ಕೇಳಬೇಕು. ಈ ಬರಹದಲ್ಲಿ ನಾನು ಹೇಳುವುದು ನಮ್ಮ ಊರಿನ ಮಡಕೆ, ಗಡಿಗೆ, ಹಣತೆಯ ವಿಷಯ.

ಯಾವಾಗ ಹೋಗಬೇಕು, ಏನು ಮಾತಾಡಬೇಕು

ಕುಂಬಾರರ ವರ್ಷ ಹಬ್ಬ ಮತ್ತು ಮಳೆಯ ಲೆಕ್ಕದಲ್ಲಿ ನಡೆಯುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಮಣ್ಣು ತಂದು ಒಟ್ಟಿಕೊಳ್ಳಬೇಕು, ಅದೇ ಹೊತ್ತಿಗೆ ನೀರಿನ ಮಡಕೆಗೆ ಗಿರಾಕಿ, ಅದೇ ಹೊತ್ತಿಗೆ ಮದುವೆಗಳು, ಉತ್ತರ ಕರ್ನಾಟಕದ ಕಡೆ ಮದುವೆ ಶಾಸ್ತ್ರದ ಐರಾಣಿ ಗಡಿಗೆಗೆ ಕುಂಬಾರರ ಮನೆಗೇ ಬರಬೇಕು. ಮಳೆ ಹಿಡಿದರೆ ಬಯಲಿನ ಆವಿಗೆ ನಿಲ್ಲುತ್ತದೆ. ಆ ದಿನಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಆಮೇಲೆ ಗಣಪತಿ. ದೀಪಾವಳಿಗೆ ಮುಂಚೆ ಹಣತೆಯ ಕೆಲಸ ಎಷ್ಟು ಜೋರಾಗಿರುತ್ತದೆ ಅಂದರೆ ನಿಮ್ಮ ಜೊತೆ ಕೂತು ಮಾತಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಮೊದಲ ಸಲ ಕೇಳಲು ದೀಪಾವಳಿ ಕಳೆದ ಮೇಲೆ ಹೋಗಿ. ಅಲ್ಲಿಂದ ಮುಂದಿನ ಮಳೆಗಾಲದ ತನಕ ಆವಿಗೆ ನಡೆಯುತ್ತಿರುತ್ತದೆ. ಒಂದು ಪೂರ್ತಿ ವರ್ಷ ಇದ್ದರೆ ಎಲ್ಲವನ್ನೂ ಒಂದು ಸುತ್ತು ನೋಡಿದ ಹಾಗಾಗುತ್ತದೆ. ಕೆಲಸ ಬಿಟ್ಟು ಅಷ್ಟು ದಿನ ಇರಲು ಆಗದವರು ಆವಿಗೆ ಜೋಡಿಸುವ ದಿನದಿಂದ ತೆಗೆಯುವ ದಿನದವರೆಗೆ ತಪ್ಪದೆ ಹೋಗಿ. ಪ್ರತಿ ವಾರ ಒಂದು ಗಂಟೆ ತಿಗರಿಯ ಮುಂದೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಮೊದಲ ಭೇಟಿಯಲ್ಲೇ 'ಎಷ್ಟು ದಿನಕ್ಕೆ ಕಲಿಸ್ತೀರಿ?' ಅಂತ ಕೇಳಬೇಡಿ. 'ಅಜ್ಜಾ, ನಾನು ಮಣ್ಣು ತುಳಿಯಲು, ಕಟ್ಟಿಗೆ ಹೊರಲು ಬರ್ತೀನಿ, ಪಕ್ಕದಲ್ಲಿ ನಿಂತು ನೋಡ್ತೀನಿ' ಅನ್ನಿ. ತುಂಬಾ ಕುಂಬಾರರಿಗೆ ಹೊರಗಿನವರ ಅನುಭವ ಅಂದರೆ ಫೋಟೋ ತೆಗೆದುಕೊಂಡು ಹೋಗಿ ಮತ್ತೆ ಮುಖ ತೋರಿಸದವರು. ಅವರು ಹಿಂಜರಿದರೆ ಅದು ಸಹಜ. ನಾಲ್ಕು ಸಲ ಹೋಗಿ, ಕೆಲಸಕ್ಕೆ ಕೈ ಜೋಡಿಸಿ, ಆಗ ಮಾತು ಬೆಳೆಯುತ್ತದೆ.

ದುಡ್ಡಿನ ಮಾತನ್ನು ಮಾತ್ರ ಮುಚ್ಚುಮರೆ ಇಲ್ಲದೆ ಆಡಿ. ನಿಮಗೆ ಕಲಿಸುತ್ತಾ ಕೂತರೆ ಅವರ ದಿನದ ಮಾಲು ಕಮ್ಮಿಯಾಗುತ್ತದೆ, ನೀವು ಹಾಳುಮಾಡುವ ಮಣ್ಣೂ ಅವರದ್ದೇ. ಅವರ ಒಂದು ದಿನದ ದುಡಿಮೆ ಎಷ್ಟೋ ಅಷ್ಟನ್ನಾದರೂ ಕೊಡುವುದು ನ್ಯಾಯ ಅಂತ ನನ್ನ ಅಭಿಪ್ರಾಯ. 'ಗುರುದಕ್ಷಿಣೆ ಕೊನೆಗೆ ನೋಡೋಣ' ಅಂತ ತೇಲಿಸಬೇಡಿ. ಕಲಿಯುವಾಗ ನೀವು ಮಾಡಿದ ಮಡಕೆ ಯಾರಿಗೆ ಸೇರಬೇಕು, ಆವಿಗೆಯಲ್ಲಿ ನಿಮ್ಮ ಮಡಕೆಗೆ ಎಷ್ಟು ಜಾಗ, ಊಟ ಎಲ್ಲಿ, ವಿಡಿಯೋ ತೆಗೆಯಬಹುದಾ ಇಲ್ಲವಾ, ಇಷ್ಟನ್ನೂ ಮೊದಲೇ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಇನ್ನೊಂದು ವಿಷಯ. ಮನೆಯ ಹೆಂಗಸರನ್ನು ಗುರು ಅಂತ ಎಣಿಸಿ. ಹಲವು ಮನೆಗಳಲ್ಲಿ ತಿಗರಿ ಗಂಡಸರದ್ದು, ಆದರೆ ಮಣ್ಣು ಹದ ಮಾಡುವುದು, ಬಣ್ಣ ಬಳಿಯುವುದು, ಉಜ್ಜಿ ಹೊಳಪು ಕೊಡುವುದು, ಒಣಗಿಸುವಾಗ ಕಾಯುವುದು ಹೆಂಗಸರ ಕೆಲಸ. ಯಾವ ಮಡಕೆ ಬಿಸಿಲಿಗೆ ಸಿದ್ಧ, ಯಾವುದು ಇನ್ನೂ ಇಲ್ಲ ಅಂತ ಅಕ್ಕ ಕೈಯಲ್ಲಿ ಎತ್ತಿ ನೋಡಿಯೇ ಹೇಳುತ್ತಾರೆ. ಅದನ್ನು ಅವರಿಂದಲೇ ಕಲಿಯಬೇಕು. ಕೆಲವು ಮನೆಗಳಲ್ಲಿ ತಿಗರಿ ಮುಟ್ಟದ ದಿನಗಳು, ಆವಿಗೆಗೆ ಬೆಂಕಿ ಇಡುವ ಮುಂಚೆ ಪೂಜೆ ಇರುತ್ತದೆ. ಕೇಳಿ ತಿಳಿದುಕೊಂಡು ಹಾಗೇ ನಡೆದುಕೊಳ್ಳಿ.

ಮಣ್ಣು

ಮೊದಲ ತಿಂಗಳುಗಳು ಪೂರ್ತಿ ಮಣ್ಣಿಗೇ ಹೋದರೂ ಬೇಜಾರು ಮಾಡಿಕೊಳ್ಳಬೇಡಿ. ಕೆರೆಯಿಂದ ಬಂದ ಮಣ್ಣನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ನೆನೆಹಾಕಿ, ಬೇರು ಕಡ್ಡಿ ಕಲ್ಲು ತೆಗೆದು, ಮರಳೋ ಬೂದಿಯೋ ಸೇರಿಸಿ ತುಳಿಯುತ್ತಾರೆ. ಪೂರ್ತಿ ಒಣಗಿದ ಮಣ್ಣು ನೀರು ಬಿದ್ದ ಕೂಡಲೇ ತಾನೇ ಪುಡಿಪುಡಿಯಾಗಿ ಕರಗುತ್ತದೆ. ಅರೆಹಸಿ ಮಣ್ಣು ಗಂಟುಗಂಟಾಗಿಯೇ ಉಳಿಯುತ್ತದೆ. ಅದಕ್ಕೇ ನೆನೆಹಾಕುವ ಮುಂಚೆ ಚೆನ್ನಾಗಿ ಒಣಗಿಸುವುದು.

ತುಳಿಯುವಾಗ ಹಿಮ್ಮಡಿಯಿಂದ ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತಾ ಹೋಗಬೇಕು, ಮತ್ತೆ ಮಡಚಿ ಗುಡ್ಡೆ ಮಾಡಿ ಮತ್ತೆ ತುಳಿಯಬೇಕು. ಅಂಗಾಲಿಗೆ ಸಿಕ್ಕ ಪ್ರತಿ ಹರಳನ್ನೂ ನಿಂತು ತೆಗೆಯಬೇಕು. ಇದರಲ್ಲಿ ಸೋಮಾರಿತನ ಬೇಡ, ಯಾಕೆ ಅಂದರೆ ನಮ್ಮ ಮಣ್ಣಿನಲ್ಲಿ, ಅದರಲ್ಲೂ ಕಪ್ಪು ಮಣ್ಣಿನ ಸೀಮೆಯಲ್ಲಿ, ಸುಣ್ಣದ ಹರಳು ಜಾಸ್ತಿ. ಒಂದು ಜೋಳದ ಕಾಳಿನಷ್ಟು ಸುಣ್ಣದ ಹರಳು ಮಡಕೆಯ ಗೋಡೆಯಲ್ಲಿ ಉಳಿದರೆ ಆವಿಗೆಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಆವಿಗೆಯಿಂದ ತೆಗೆದಾಗ ಮಡಕೆ ಚೆನ್ನಾಗಿಯೇ ಕಾಣುತ್ತದೆ. ನಾಲ್ಕು ದಿನ, ಕೆಲವು ಸಲ ಕೆಲವು ವಾರ ಕಳೆದ ಮೇಲೆ ಆ ಸುಣ್ಣ ಗಾಳಿಯ ತೇವ ಎಳೆದುಕೊಂಡು ಉಬ್ಬಿ, ಮಡಕೆಯ ಮೈಯಿಂದ ಕಾಸಿನಗಲದ ಚಕ್ಕೆಯನ್ನು ಚಟ್ ಅಂತ ಎಬ್ಬಿಸುತ್ತದೆ. ಚಕ್ಕೆ ಎದ್ದ ಗುಣಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಕಾರಣ ಇದೇ. ಗಿರಾಕಿ ಮನೆಗೆ ಒಯ್ದ ಮೇಲೆ ಹೀಗಾಗುವುದು, ಅದೇ ದೊಡ್ಡ ನಷ್ಟ. ಒಣಗಿದ ಮಣ್ಣಿನ ಹೆಂಟೆಯ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಸುಣ್ಣ ಇದೆ ಅಂತ ಅರ್ಥ, ಆ ಮಣ್ಣನ್ನು ನೀರಿನಲ್ಲಿ ಕದಡಿ ಸಣ್ಣ ಜರಡಿಯಲ್ಲಿ ಸೋಸಲೇಬೇಕು.

ಅಜ್ಜ ಬೆರಳಲ್ಲಿ ಉಜ್ಜಿ 'ಇದು ಜಿಗಟು ಜಾಸ್ತಿ, ಮರಳು ಬೇಕು' ಅಂದಾಗ ನೀವೂ ಉಜ್ಜಿ ನೋಡಿ, ಜೊತೆಗೆ ಒಂದು ಪರೀಕ್ಷೆ ಮಾಡಿ. ಕಿರುಬೆರಳಿನ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರಿಯದೆ ಸುತ್ತಿಕೊಂಡರೆ ಜಿಗಟು ಸಾಕು. ಬಿರಿದರೆ ಮರಳು ಹೆಚ್ಚಾಗಿದೆ. ಇನ್ನೊಂದು, ಮಣ್ಣಿನ ಹಲಗೆ ಮಾಡಿ ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆದು ಒಣಗಿಸಿ, ಸುಟ್ಟು, ಮತ್ತೆ ಅಳೆಯಿರಿ. ಗೆರೆ 9 ಸೆಂಟಿಮೀಟರ್ ಆಗಿದ್ದರೆ ಆ ಮಣ್ಣು ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಕುಗ್ಗುವ ಮಣ್ಣು ಒಣಗುವಾಗಲೇ ಬಿರಿಯುತ್ತದೆ. ಮುಂದೆ ನೀವು ಬೇರೆ ಊರಿನಲ್ಲಿ ಬೇರೆ ಮಣ್ಣು ಹಿಡಿಯಬೇಕಾದಾಗ ಈ ಹಲಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಕೆರೆಯಿಂದ ಮಣ್ಣು ತೆಗೆಯುವ ಮುಂಚೆ ಪಂಚಾಯಿತಿಯಲ್ಲಿ ಕೇಳುವುದನ್ನು ಮರೆಯಬೇಡಿ, ಕುಂಬಾರರ ಜೊತೆಗೇ ಹೋದರೆ ಸಲೀಸು.

ತಿಗರಿ ಮತ್ತು ತಟ್ಟುವುದು

ಇದರ ಬಗ್ಗೆ ಕಮ್ಮಿ ಹೇಳುತ್ತೇನೆ, ಓದಿ ಬರುವ ವಿದ್ಯೆ ಅಲ್ಲ ಇದು. ಮುದ್ದೆ ನಡುವಿಗೆ ಬರದೆ ಬಾಯಿ ತೆರೆಯಬೇಡಿ, ಮೊಣಕೈಯನ್ನು ತೊಡೆಗೋ ಪಕ್ಕೆಗೋ ಒತ್ತಿ ಹಿಡಿಯಿರಿ, ನೀರು ಕಮ್ಮಿ ಬಳಸಿ. ಹಣತೆಯಿಂದ ಶುರು ಮಾಡಿ. ದೊಡ್ಡ ಮುದ್ದೆಯ ತುದಿಯಿಂದ ಒಂದೊಂದೇ ಹಣತೆ ತೆಗೆದು ದಾರದಲ್ಲಿ ಕತ್ತರಿಸುತ್ತಾ ಹೋಗುವಾಗ ಒಂದೇ ಕೆಲಸವನ್ನು ನೂರಾರು ಸಲ ಮಾಡಿದ ಹಾಗಾಗುತ್ತದೆ, ಬೆರಳಿಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಈಗ ತುಂಬಾ ಮನೆಗಳಲ್ಲಿ ಕರೆಂಟಿನ ತಿಗರಿ ಬಂದಿದೆ. ಅದರಲ್ಲೇ ಕಲಿಯಿರಿ, ತೊಂದರೆ ಇಲ್ಲ. ಕೋಲಿನಿಂದ ತಿರುಗಿಸುವ ಹಳೆಯ ತಿಗರಿ ಮನೆಯಲ್ಲಿದ್ದರೆ ಒಂದ್ಸಲ ಕೂತು ನೋಡಿ. ವೇಗ ಇಳಿಯುತ್ತಾ ಹೋಗುವ ತಿಗರಿಯಲ್ಲಿ ಯಾವ ಕೆಲಸ ಮೊದಲು, ಯಾವುದು ಕೊನೆಗೆ ಅಂತ ಕೈಗೇ ತಿಳಿಯುತ್ತದೆ.

ತಟ್ಟುವ ಕೆಲಸವನ್ನು ಮಾತ್ರ ಹತ್ತಿರ ಕೂತು ನೋಡಬೇಕು. ನೀರಿನ ದೊಡ್ಡ ಮಡಕೆ ಪೂರ್ತಿ ತಿಗರಿಯ ಮೇಲೆ ಆಗುವುದಿಲ್ಲ. ಬಾಯಿ, ಕಂಠ, ದಪ್ಪ ಗೋಡೆ ತಿಗರಿಯಲ್ಲಿ ಎಬ್ಬಿಸಿ ಕತ್ತರಿಸಿ ಇಡುತ್ತಾರೆ. ಸ್ವಲ್ಪ ಬಿಗಿದ ಮೇಲೆ ಎಡಗೈಯಲ್ಲಿ ದುಂಡನೆಯ ಕಲ್ಲನ್ನು ಒಳಗೆ ಹಿಡಿದು, ಬಲಗೈಯಲ್ಲಿ ಮರದ ಹಲಗೆಯಿಂದ ಹೊರಗೆ ತಟ್ಟುತ್ತಾರೆ. ಕಲ್ಲು ಮತ್ತು ಹಲಗೆ ಗೋಡೆಯ ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ ಸೇರಬೇಕು, ಕಣ್ಣಿಗೆ ಒಳಗಿನ ಕಲ್ಲು ಕಾಣುವುದಿಲ್ಲ, ಸದ್ದಿನಿಂದಲೇ ಗೊತ್ತಾಗಬೇಕು. ಎದುರು ಕಲ್ಲಿದ್ದರೆ ಸದ್ದು ಗಟ್ಟಿ, ಇಲ್ಲದಿದ್ದರೆ ಡೊಳ್ಳು. ಕಲ್ಲು ಅಂಟದಂತೆ ಆಗಾಗ ಬೂದಿ ಚಿಮುಕಿಸುತ್ತಾರೆ. ತಟ್ಟುತ್ತಾ ಹೋದ ಹಾಗೆ ಗೋಡೆ ತೆಳ್ಳಗಾಗಿ ಹೊಟ್ಟೆ ಬೆಳೆಯುತ್ತದೆ, ತೆರೆದಿದ್ದ ತಳ ಮುಚ್ಚಿಕೊಳ್ಳುತ್ತದೆ. ಒಂದೇ ದಿನದಲ್ಲಿ ಮುಗಿಸುವುದಿಲ್ಲ, ಸ್ವಲ್ಪ ತಟ್ಟಿ, ಒಣಗಲು ಬಿಟ್ಟು, ಮತ್ತೆ ತಟ್ಟುತ್ತಾರೆ. ಹೀಗೆ ತಟ್ಟಿದ ಗುಂಡು ತಳದ ಮಡಕೆಯೇ ಒಲೆಯ ಮೇಲೆ ಚೆನ್ನಾಗಿ ನಿಲ್ಲುವುದು. ಮೂಲೆ ಇಲ್ಲದ ತಳದಲ್ಲಿ ಶಾಖ ಒಂದೇ ಸಮ ಹರಡುತ್ತದೆ, ಬಿರುಕು ಕಮ್ಮಿ. ಸ್ಟುಡಿಯೋ ಕ್ಲಾಸುಗಳಲ್ಲಿ ಇದನ್ನು ಕಲಿಸುವವರು ಅಪರೂಪ.

ಒಣಗಿಸುವಾಗ ಮೊದಲು ನೆರಳು, ಆಮೇಲೆ ಎಳೆ ಬಿಸಿಲು, ಕೊನೆಗೆ ಪೂರ್ತಿ ಬಿಸಿಲು. ಬಾಯಿ ಬೇಗ ಒಣಗಿ ತಳ ಹಸಿಯಾಗಿದ್ದರೆ ಅಂಚು ಬಿರಿಯುತ್ತದೆ, ಹಾಗಾಗಿ ಬೋರಲು ಹಾಕುವುದು, ಒದ್ದೆ ಬಟ್ಟೆ ಹೊದಿಸುವುದು, ಗಾಳಿ ಬಂದ ಕಡೆಯಿಂದ ತಿರುಗಿಸಿಡುವುದು ಎಲ್ಲ ಇದೆ. ಕೆಮ್ಮಣ್ಣಿನ ನೀರು ಬಳಿದು ನುಣುಪು ಕಲ್ಲಿನಿಂದ ಉಜ್ಜುವುದು ಅರೆ ಒಣಗಿದಾಗ. ತೀರಾ ಒಣಗಿದ ಮೇಲೆ ಉಜ್ಜಿದರೆ ಗೀರು ಬೀಳುತ್ತದೆಯೇ ಹೊರತು ಹೊಳಪು ಬರುವುದಿಲ್ಲ.

ಆವಿಗೆ

ಈಗ ಮುಖ್ಯ ವಿಷಯಕ್ಕೆ ಬಂದೆವು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಅನ್ನುತ್ತೇವಲ್ಲ, ಬೆಂಕಿಯೂ ಆ ದೊಣ್ಣೆಯ ಕೆಲಸ ಮಾಡಬಲ್ಲದು. ವಾರಗಟ್ಟಲೆ ಮಾಡಿದ ಮಾಲನ್ನು ಒಂದು ಗಂಟೆಯ ಅವಸರ ಬೋಕಿ ಮಾಡುತ್ತದೆ.

ಜೋಡಿಸುವ ದಿನ ನೀವು ಅಲ್ಲಿರಲೇಬೇಕು. ದೊಡ್ಡವು ಕೆಳಗೆ, ಸಣ್ಣವು ಮೇಲೆ, ದೊಡ್ಡವುಗಳ ನಡುವಿನ ಸಂದಿಗೆ ಹಣತೆ, ಮುಚ್ಚಳ. ಆದರೆ ಉರಿ ಹೋಗುವ ದಾರಿ ಬಿಟ್ಟಿರಬೇಕು. ಬಿಗಿಯಾಗಿ ತುಂಬಿದರೆ ನಡುವಿನ ಮಡಕೆಗಳಿಗೆ ಶಾಖ ಮುಟ್ಟುವುದಿಲ್ಲ, ಸಡಿಲವಾದರೆ ಉರಿ ಸುಮ್ನೆ ಮೇಲಕ್ಕೆ ಹಾರಿ ಹೋಗುತ್ತದೆ. ಅಜ್ಜ ಪ್ರತಿ ಮಡಕೆ ಇಟ್ಟಾಗಲೂ 'ಇಲ್ಲಿ ಯಾಕೆ?' ಅಂತ ಕೇಳಿ. ಕೊನೆಗೆ ಮೇಲೆ ಬೋಕಿ ಮುಚ್ಚಿ, ಹುಲ್ಲು ಹಾಸಿ, ಮಣ್ಣು ಮೆತ್ತಿ, ಹೊಗೆ ಹೋಗಲು ಕಿಂಡಿ ಬಿಡುತ್ತಾರೆ.

ಕಟ್ಟಿಗೆ ಸೀಮೆಗೆ ತಕ್ಕ ಹಾಗೆ. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ, ತೆಂಗಿನ ಸೀಮೆಯಲ್ಲಿ ಮಟ್ಟೆ, ಗರಿ, ಚಿಪ್ಪು, ಕೆಲವು ಕಡೆ ನೀಲಗಿರಿ, ಜೊತೆಗೆ ಬೆರಣಿ, ಹುಲ್ಲು. ಒಣಗಿರುವುದು ಮುಖ್ಯ. ಹಸಿ ಕಟ್ಟಿಗೆ ತನ್ನ ನೀರನ್ನು ಆರಿಸಿಕೊಳ್ಳಲೇ ಸಾಕಷ್ಟು ಶಾಖ ತಿನ್ನುತ್ತದೆ. ದಪ್ಪ ಕೊರಡು ನಿಧಾನಕ್ಕೆ ಉರಿದು ಕೆಂಡ ಕೊಡುತ್ತದೆ, ಸಣ್ಣ ಸೀಳು ಉದ್ದ ಜ್ವಾಲೆ ಕೊಡುತ್ತದೆ. ಶುರುವಿಗೆ ಕೊರಡು, ಕೊನೆಗೆ ಸೀಳು. ಬಣ್ಣ ಬಳಿದ ಹಳೆ ಬಾಗಿಲು, ಪ್ಲೈವುಡ್ ತುಂಡು ಪುಕ್ಕಟೆ ಸಿಕ್ಕರೂ ಬೇಡ, ಆ ಹೊಗೆ ವಿಷ.

ಮೊದಲ ಹಂತ ಬರೀ ಹೊಗೆ. ಬೆಂಕಿ ಆವಿಗೆಯ ಬಾಯಲ್ಲೇ, ಸಣ್ಣಗೆ. ಬಿಸಿಲಿನಲ್ಲಿ ಎಷ್ಟೇ ಒಣಗಿಸಿದರೂ ಮಣ್ಣಿನೊಳಗೆ ನೀರು ಉಳಿದಿರುತ್ತದೆ. 100 ಡಿಗ್ರಿ ದಾಟುವಾಗ ಅದು ಆವಿಯಾಗಿ ಹೊರಬರಲು ಸಮಯ ಬೇಕು. ಅವಸರ ಮಾಡಿದರೆ ಒಳಗಿನಿಂದ ಪಟಾರ್ ಅಂತ ಸದ್ದು ಕೇಳುತ್ತದೆ, ಒಂದು ಮಡಕೆ ಸಿಡಿದರೆ ಪಕ್ಕದ ನಾಲ್ಕನ್ನು ಕೆಡಿಸುತ್ತದೆ. ನೀರು ಹೋಯಿತಾ ಇಲ್ಲವಾ ಅಂತ ನೋಡಲು ತಣ್ಣನೆಯ ಸ್ಟೀಲ್ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಹೊಗೆಕಿಂಡಿಯ ಮೇಲೆ ಒಂದು ಕ್ಷಣ ಒಡ್ಡಿ. ತಟ್ಟೆ ಬೆವರಿದರೆ ಇನ್ನೂ ಕಾಯಬೇಕು. ಅಜ್ಜನಿಗೆ ತಟ್ಟೆ ಬೇಡ, ಹೊಗೆಯ ಬಣ್ಣ ಮತ್ತು ವಾಸನೆ ಸಾಕು. ನೀವು ಎರಡನ್ನೂ ಒಟ್ಟಿಗೆ ನೋಡುತ್ತಾ ಹೋದರೆ ಒಂದು ದಿನ ನಿಮಗೂ ತಟ್ಟೆ ಬೇಡವಾಗುತ್ತದೆ.

ಆಮೇಲೆ ಉರಿ ಒಳಗೆ ತಳ್ಳುತ್ತಾ ಏರಿಸುತ್ತಾರೆ. ಸುಮಾರು 450ರಿಂದ 600 ಡಿಗ್ರಿಯ ನಡುವೆ ಮಣ್ಣು ತನ್ನ ಮೈಯಲ್ಲೇ ಸೇರಿಕೊಂಡ ನೀರನ್ನೂ ಬಿಡುತ್ತದೆ, ಅಲ್ಲಿಂದ ಮುಂದೆ ಅದು ಮತ್ತೆ ಕಲಸುವ ಮಣ್ಣಾಗುವುದಿಲ್ಲ. 573 ಡಿಗ್ರಿಯಲ್ಲಿ ಮರಳಿನ ಹರಳು ಒಮ್ಮೆಲೇ ಉಬ್ಬುತ್ತದೆ, ತಣಿಯುವಾಗ ಅಲ್ಲೇ ಕುಗ್ಗುತ್ತದೆ, ಈ ಎರಡು ಸಲವೂ ನಿಧಾನ ಬೇಕು. ಮೊದಮೊದಲು ಮಡಕೆಗಳಿಗೆಲ್ಲ ಮಸಿ ಹಿಡಿದು ಕಪ್ಪಾಗಿರುತ್ತವೆ. ಶಾಖ ಏರಿದ ಹಾಗೆ ಮಸಿ ಸುಟ್ಟು ಮಡಕೆಯ ಮೈ ಬಿಟ್ಟುಕೊಳ್ಳುತ್ತದೆ, ಕಿಂಡಿಯಲ್ಲಿ ನೋಡಿದರೆ ಕಪ್ಪು ಹೋಗಿ ಕೆಂಪು ಮೂಡುವುದು ಕಾಣುತ್ತದೆ.

ಇಲ್ಲಿಂದ ಕಣ್ಣೇ ಥರ್ಮಾಮೀಟರ್. ಕತ್ತಲೆಯಲ್ಲಿ ಮಂಕು ಕೆಂಪು ಕಂಡರೆ 550-600ರ ಆಸುಪಾಸು, ಹಣ್ಣು ಕೆಂಪಾದರೆ 750ರ ಸುತ್ತ, ಕಿತ್ತಳೆಗೆ ತಿರುಗಿದರೆ 900. ನಮ್ಮ ಕೆಮ್ಮಣ್ಣಿನ ಮಡಕೆಗೆ 700ರಿಂದ 900 ಸಾಕು. ಕೊನೆಯ ಉರಿ ರಾತ್ರಿ ಬರುವಂತೆ ಲೆಕ್ಕ ಹಾಕಿದರೆ ಬಣ್ಣ ಚೆನ್ನಾಗಿ ಕಾಣುತ್ತದೆ. ಇನ್ನೂ ಜಾಸ್ತಿ ಸುಟ್ಟರೆ ಗಟ್ಟಿಯಾಗಲ್ವಾ ಅಂತ ಕೇಳಬಹುದು. ಗಟ್ಟಿಯಾಗುತ್ತದೆ, ಆದರೆ ನೀರಿನ ಮಡಕೆಗೆ ಅದು ಬೇಡ. ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆರಿದರೆ ತಾನೇ ಒಳಗಿನ ನೀರು ತಣ್ಣಗಾಗುವುದು. ಅತಿಯಾಗಿ ಬೆಂದ ಮಡಕೆ ಬೆವರುವುದಿಲ್ಲ, ತಂಪೂ ಕೊಡುವುದಿಲ್ಲ.

ಕಟ್ಟಿಗೆ ಹಾಕುವುದರಲ್ಲಿ ಒಂದು ತಾಳ ಇದೆ. ಹಾಕಿದ ಕೂಡಲೇ ಕಪ್ಪು ಹೊಗೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ಹೊಗೆ ತಿಳಿಯಾಗುತ್ತದೆ, ಆಗ ಮತ್ತೆ ಹಾಕಬೇಕು. ಕಪ್ಪು ಹೊಗೆ ಇರುವಾಗಲೇ ಮತ್ತಷ್ಟು ತುರುಕಿದರೆ ಗಾಳಿ ಸಾಲದೆ ಶಾಖ ಇಳಿಯುತ್ತದೆ. ಹೊಸಬರು ಎಲ್ಲರೂ ಕಟ್ಟಿಗೆ ಜಾಸ್ತಿ ಹಾಕಿದರೆ ಶಾಖ ಜಾಸ್ತಿ ಅಂದುಕೊಳ್ಳುತ್ತಾರೆ. ಕೆಂಡ ತುಂಬಿ ಗಾಳಿಯ ದಾರಿ ಕಟ್ಟಿದ್ದರೆ ಎಳೆದು ಬಿಡಿಸಬೇಕು. ಬೆಂಕಿಯ ಸದ್ದನ್ನೂ ಕೇಳಿ, ಗಾಳಿ ಸರಿಯಾಗಿ ಎಳೆಯುವಾಗ ಒಂದೇ ಸಮನೆ ಗುಂಯ್ ಅನ್ನುತ್ತದೆ.

ಕಪ್ಪು ಮಡಕೆ ಬೇಕಾದರೆ ಕೊನೆಗೆ ಹಸಿ ಸೊಪ್ಪು, ಬೆರಣಿ, ಮರದ ಹೊಟ್ಟು ತುಂಬಿ ಎಲ್ಲ ಕಿಂಡಿಗಳನ್ನು ಮಣ್ಣಿನಿಂದ ಮುಚ್ಚುತ್ತಾರೆ. ಒಳಗೆ ಗಾಳಿ ಇಲ್ಲದೆ ಹೊಗೆ ಕಟ್ಟಿಕೊಂಡು ಮಣ್ಣಿನ ಕೆಂಪು ಕಬ್ಬಿಣವೇ ಕಪ್ಪಾಗುತ್ತದೆ, ಮಸಿಯೂ ಮೈಯೊಳಗೆ ಇಳಿಯುತ್ತದೆ. ಪೂರ್ತಿ ತಣಿಯುವ ಮುಂಚೆ ಎಲ್ಲಾದರೂ ಬಿರುಕು ಬಿಟ್ಟು ಗಾಳಿ ಹೊಕ್ಕರೆ ಆ ಕಡೆಯ ಮಡಕೆಗಳು ಮತ್ತೆ ಕೆಂಪಾಗುತ್ತವೆ. ಮುಚ್ಚಿದ ಮೇಲೂ ಸುತ್ತ ಓಡಾಡಿ ಹೊಗೆ ಸೋರುವ ಕಡೆ ಮಣ್ಣು ಮೆತ್ತುತ್ತಿರಬೇಕು.

ಉರಿಯ ಹತ್ತಿರ ಹತ್ತಿಬಟ್ಟೆ ಮಾತ್ರ ಹಾಕಿ, ಪಾಲಿಯೆಸ್ಟರ್ ಬೇಡವೇ ಬೇಡ. ಕಾಲಿಗೆ ಚರ್ಮದ ಚಪ್ಪಲಿಯಾದರೂ ಇರಲಿ. ಕಿಂಡಿಯಲ್ಲಿ ಇಣುಕುವಾಗ ಕಣ್ಣಿಗೆ ಕಪ್ಪು ಕನ್ನಡಕ, ಮುಖ ಸ್ವಲ್ಪ ಓರೆಗೆ. ಇದಕ್ಕಿಂತ ಜನ ಜಾಸ್ತಿ ಅಲಕ್ಷ್ಯ ಮಾಡುವುದು ಮಣ್ಣಿನ ಧೂಳನ್ನು. ಒಣ ಮಣ್ಣು ಕುಟ್ಟುವಾಗ ಏಳುವ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುತ್ತದೆ, ಅದಕ್ಕೆ ಔಷಧಿ ಇಲ್ಲ. ಮಾಸ್ಕ್ ಹಾಕಿ, ನೀರು ಚಿಮುಕಿಸಿ ಗುಡಿಸಿ, ಗುರುವಿನ ಮನೆಯವರಿಗೂ ನಾಲ್ಕು ಮಾಸ್ಕ್ ತಂದುಕೊಡಿ.

ತೆಗೆಯುವುದು, ಬೋಕಿ ಓದುವುದು

ಬೆಂಕಿ ನಿಲ್ಲಿಸಿದ ಮೇಲೆ ಕನಿಷ್ಠ ಒಂದು ದಿನ ಮುಟ್ಟಬೇಡಿ, ದೊಡ್ಡ ಆವಿಗೆಗೆ ಇನ್ನೂ ಜಾಸ್ತಿ. ಮೇಲಿನ ಮಡಕೆ ಬರಿಗೈಯಲ್ಲಿ ಹಿಡಿಯುವಷ್ಟು ತಣಿದಾಗ ತೆಗೆಯಲು ಶುರು. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂದರೆ ಸರಿ, ಬದ್ ಅಂದರೆ ಎಲ್ಲೋ ಸೀಳಿದೆ ಅಥವಾ ಬೆಂದಿಲ್ಲ.

ಒಡೆದದ್ದನ್ನು ಎಸೆಯುವ ಮುಂಚೆ ಗುರುವಿನ ಜೊತೆ ಕೂತು ನೋಡಿ, ಇದೇ ನಿಮ್ಮ ಪಠ್ಯ. ಚಕ್ಕೆ ಚಕ್ಕೆಯಾಗಿ ಸಿಡಿದಿದ್ದರೆ ಹೊಗೆ ಹಂತದಲ್ಲಿ ಅವಸರವಾಗಿದೆ. ಕೂದಲಿನಷ್ಟು ಸಣ್ಣ, ಹರಿತ ಅಂಚಿನ ಸೀಳು ಇದ್ದರೆ ತಣಿಯುವಾಗ ತಣ್ಣನೆ ಗಾಳಿ ಹೊಡೆದಿದೆ. ತಳದಲ್ಲಿ ಹಾವಿನ ಹಾಗೆ ಬಳುಕಿದ ಬಿರುಕಿದ್ದರೆ ಬೆಂಕಿಯ ತಪ್ಪಲ್ಲ, ತಿಗರಿಯ ಮೇಲೆ ತಳ ಒತ್ತಿಲ್ಲ. ಒಡೆದ ಗೋಡೆಯ ನಡುವೆ ಕಪ್ಪು ಪಟ್ಟಿ ಕಂಡರೆ ಒಳಗಿನ ಇಂಗಾಲ ಸುಡುವಷ್ಟು ಹೊತ್ತು ಅಥವಾ ಗಾಳಿ ಸಿಕ್ಕಿಲ್ಲ. ಅನುಮಾನ ಇದ್ದ ತುಂಡನ್ನು ರಾತ್ರಿ ನೀರಿನಲ್ಲಿ ಹಾಕಿಡಿ, ಬೆಳಗ್ಗೆ ಮೆತ್ತಗಾಗಿ ಕರಗಿದ್ದರೆ ಅದು ಬೆಂದೇ ಇಲ್ಲ. ಆ ಮಡಕೆ ಆವಿಗೆಯ ಯಾವ ಜಾಗದಲ್ಲಿತ್ತು ಅನ್ನುವುದನ್ನೂ ಬರೆದುಕೊಳ್ಳಿ. ಜೋಡಿಸುವಾಗಲೇ ನಿಮ್ಮ ಮಡಕೆಗಳ ತಳಕ್ಕೆ ಒಂದು ಗುರುತು ಗೀರಿ, ಪುಸ್ತಕದಲ್ಲಿ ಆವಿಗೆಯ ಚಿತ್ರ ಬರೆದು ಗುರುತು ಹಾಕಿದರೆ ಇದು ಸುಲಭ. ಜೊತೆಗೆ ಗಂಟೆ, ಕಟ್ಟಿಗೆಯ ಲೆಕ್ಕ, ಗಾಳಿ ಯಾವ ಕಡೆಯಿಂದ ಇತ್ತು, ಆಗಾಗ ಕಂಡ ಬಣ್ಣ. ಗುರುವಿಗೆ ಇದೆಲ್ಲ ತಲೆಯಲ್ಲಿದೆ, ನಿಮಗೆ ಇನ್ನೂ ಇಲ್ಲ.

ನಿಮ್ಮದೇ ಆವಿಗೆ ಯಾವಾಗ

ಗುರು ಪಕ್ಕದಲ್ಲಿ ಕೂತು ಏನೂ ಹೇಳದೆ, ನೀವೇ ಹೊತ್ತಿಸಿ ನೀವೇ ಮುಚ್ಚಿದ ಆವಿಗೆಯಲ್ಲಿ ಹೆಚ್ಚಿನ ಮಡಕೆ ಠಣ್ ಅಂದಾಗ ಯೋಚಿಸಿ, ಅದಕ್ಕೆ ಮುಂಚೆ ಬೇಡ. ಮೊದಲ ಆವಿಗೆ ಸಣ್ಣದಿರಲಿ, ಒಬ್ಬರೇ ಒಂದು ರಾತ್ರಿಯಲ್ಲಿ ಸುಡುವಷ್ಟು. ಹುಲ್ಲಿನ ಬಣವೆ, ಕರೆಂಟಿನ ತಂತಿಯಿಂದ ದೂರ, ನೀರು ನಿಲ್ಲದ ಎತ್ತರದ ಜಾಗ, ಗಾಳಿ ನೇರ ಬೆಂಕಿಬಾಯಿಗೆ ಬಡಿಯದಂತೆ. ಅಕ್ಕಪಕ್ಕದವರಿಗೆ ಹೊಗೆಯ ವಿಷಯ ಮೊದಲೇ ಹೇಳಿ. ಇಟ್ಟಿಗೆಯನ್ನು ಸಿಮೆಂಟಿನಲ್ಲಿ ಕಟ್ಟಬೇಡಿ, ಶಾಖಕ್ಕೆ ಬಿರಿಯುತ್ತದೆ. ಮಣ್ಣಿನಲ್ಲೇ ಕಟ್ಟಿ, ಪ್ರತಿ ಸಲ ಮೆತ್ತಿಕೊಳ್ಳಿ.

ಗುರುವಿನ ಊರಿನ ಗಿರಾಕಿಗಳಿಗೆ ಗುರುವಿನ ಮಾಲಿನ ನಕಲು ಮಾಡಿ ಕಮ್ಮಿ ಬೆಲೆಗೆ ಮಾರುವ ಕೆಲಸ ಮಾತ್ರ ಎಂದಿಗೂ ಬೇಡ. ಅದರ ಬದಲು ಅವರ ಮಾಲಿಗೆ ನಗರದಲ್ಲಿ ಒಳ್ಳೆಯ ಬೆಲೆ ಸಿಗುವ ದಾರಿ ಮಾಡಿಕೊಡಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಆಮೇಲೆ ಕಮ್ಮಿ ಬಡ್ಡಿಯ ಸಾಲ. ನಿಮ್ಮ ಗುರುವಿನ ಮನೆಯವರು ಇನ್ನೂ ಅರ್ಜಿ ಹಾಕಿಲ್ಲದಿದ್ದರೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಅವರ ಜೊತೆ ಸಿಎಸ್‌ಸಿಗೆ (ಸಾಮಾನ್ಯ ಸೇವಾ ಕೇಂದ್ರ) ಹೋಗಿಬನ್ನಿ, ಯೋಜನೆ ಈಗ ಹೇಗೆ ನಡೆಯುತ್ತಿದೆ ಅಂತ ಅಲ್ಲೇ ಕೇಳಿಕೊಳ್ಳಿ. ಹಾಗೇ ನಿಮ್ಮ ಮೊದಲ ಆವಿಗೆ ಜೋಡಿಸುವ ದಿನಕ್ಕೆ ಗುರುವನ್ನೂ ಅಕ್ಕನನ್ನೂ ಬರಹೇಳಿ, ಬಸ್ ಚಾರ್ಜು ಮತ್ತು ಎರಡು ದಿನದ ಕೂಲಿ ಕೊಟ್ಟೇ ಕರೆಯಿರಿ. ಹೊಸ ಆವಿಗೆ ಎಲ್ಲಿ ಗಾಳಿ ಕದಿಯುತ್ತದೆ ಅಂತ ಅವರು ನೋಡಿದ ಕೂಡಲೇ ಹೇಳುತ್ತಾರೆ, ಬೆಂಕಿ ಇಡುವ ಮುಂಚೆಯೇ ಸರಿಮಾಡಿಕೊಳ್ಳಬಹುದು.